ಟ್ರೈನಿಂಗ್ ಆದ ಮೇಷ್ಟ್ರು

ನನ್ನ ಹಳೇ ಟ್ರಂಕಿನಲ್ಲಿ ಒಂದು ಪಾಠ ಟಿಪ್ಪಣಿ ಪುಸ್ತಕ ಇದೆ. ಟಿ.ಸಿ.ಎಚ್. ಎರಡನೇ ವರ್ಷದ್ದು, 1982ರದ್ದು. ರಟ್ಟನ್ನು ಗೆದ್ದಲು ತಿಂದಿದೆ. ಒಳಗೆ ಕೆಂಪು ಶಾಯಿಯ ಒಂದು ಷರಾ ಮಾತ್ರ ಇನ್ನೂ ಮಾಸಿಲ್ಲ: 'ಅನಪೇಕ್ಷಿತ ಉತ್ತರವನ್ನು ಬಿಟ್ಟು ಮುಂದುವರಿಯಬೇಕಿತ್ತು. ತರಗತಿ ನಿಯಂತ್ರಣ ಸಾಲದು.'

ಅವತ್ತು ನನ್ನ ಪ್ರಾಕ್ಟೀಸ್ ಪಾಠ 'ನೀರಿನ ಮೂಲಗಳು'. ಮೂರನೇ ಕ್ಲಾಸು. ನಮಗೆ ಹರ್ಬಾರ್ಟನ ಪಂಚ ಸೋಪಾನವನ್ನು ಬಾಯಿಪಾಠ ಮಾಡಿಸಿದ್ದರು. ಪೀಠಿಕೆ ಹೀಗೇ ಇರಬೇಕು, ನಿರೂಪಣೆ ಹೀಗೇ ಇರಬೇಕು, ಕಪ್ಪು ಹಲಗೆಯ ಮೇಲೆ ಅಕ್ಷರ ಇಷ್ಟೇ ದಪ್ಪ ಇರಬೇಕು. ಪ್ರಶ್ನೆಯ ಎದುರಿಗೆ 'ನಿರೀಕ್ಷಿತ ಉತ್ತರ' ಅಂತ ಒಂದು ಕಾಲಂ. ಅಂದರೆ ಮಗು ಬಾಯಿ ತೆರೆಯುವ ಮೊದಲೇ ಮಗು ಆಡಬೇಕಾದ ಮಾತನ್ನು ನಾವು ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕೂತು ಬರೆದಿಟ್ಟುಕೊಂಡಿರುತ್ತಿದ್ದೆವು. ಹರ್ಬಾರ್ಟ್ ಜರ್ಮನಿಯವನು, 1841ರಲ್ಲೇ ಸತ್ತವನು. ಪಾಪ, ಅವನೇನು ನಮ್ಮ ಸೀಮೆಯ ಬಾವಿಕಟ್ಟೆ ಕಂಡಿದ್ದನೇ?

ನಾನು ಕೇಳಿದೆ: 'ಮಕ್ಕಳೇ, ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?' ನಿರೀಕ್ಷಿತ ಉತ್ತರ: ಬಾವಿಯಿಂದ. ಮುಂದೆ ಕೂತಿದ್ದ ನಾಲ್ಕು ಹುಡುಗರು ಹಾಗೇ ಹೇಳಿದರು. ನನಗೆ ಅಷ್ಟು ಸಾಕಾಗಿತ್ತು. ಆದರೆ ಬಾಗಿಲ ಹತ್ತಿರ ಕೂತಿದ್ದ ಒಂದು ಹೆಣ್ಣುಕೂಸು ಎದ್ದು ನಿಂತಿತು. 'ನಮ್ಗ ಬಾವಿ ಇಲ್ಲ ಸಾ. ಅವ್ರು ಸೇದಿ ಉಯ್ದ್ರ ಉಂಟು, ಉಯ್ದಿದ್ರ ಇಲ್ಲ.'

ಕ್ಲಾಸು ನಕ್ಕಿತು. ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮ ಉಪನ್ಯಾಸಕರು ತಲೆಯೆತ್ತಿ ನೋಡಿದರು. ನಾನು ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತೆ. ಯಾಕೆಂದರೆ ನಮ್ಮವ್ವನೂ ಹಾಗೇ ಬಾವಿಕಟ್ಟೆಯ ಕೆಳಗೆ ಬಿಂದಿಗೆ ಇಟ್ಟುಕೊಂಡು 'ಒಂದ್ ಕೊಡ ಉಯ್ರವ್ವಾ' ಅಂತ ನಿಂತದ್ದನ್ನು ನಾನು ಕಂಡಿದ್ದೆ. ಆ ಮಾತನ್ನು ಆ ಕ್ಲಾಸಿನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳಿದ್ದರೆ ನಾನು ಯಾರು ಅಂತ ಆ ಇಡೀ ಸ್ಕೂಲಿಗೆ ಗೊತ್ತಾಗುತ್ತಿತ್ತು. 'ಕೂತ್ಕೊ' ಅಂದೆ. ಅದು ಕೂತಿತು. ನಾನು ಕೆರೆ, ನದಿ, ಮಳೆ ಅಂತ ಚಾರ್ಟು ಬಿಚ್ಚಿದೆ. ನಿಂತುಬಿಟ್ಟ ಆ ಎರಡು ನಿಮಿಷಕ್ಕೆ ಬಂದ ಷರಾ ಅದು.

ಗೆಳೆಯರೇ, ಆ ಉಪನ್ಯಾಸಕರು ಕೆಟ್ಟವರಲ್ಲ. ಫ್ಲಾನೆಲ್ ಬೋರ್ಡು ಮಾಡುವುದನ್ನು, ಗೋಲಿ-ಕಡ್ಡಿಯಲ್ಲಿ ದಶಕ ಬಿಡಿ ಕಲಿಸುವುದನ್ನು ಅವರಿಂದಲೇ ಕಲಿತೆ. ಇವತ್ತಿಗೂ ಅದು ನನ್ನ ಕೈಬಿಟ್ಟಿಲ್ಲ. ಆದರೆ ಎರಡು ವರ್ಷದಲ್ಲಿ ಒಂದು ದಿನವೂ, ಒಬ್ಬರೂ, ಬಾಗಿಲ ಹತ್ತಿರ ಕೂರುವ ಮಕ್ಕಳು ಯಾರು, ಯಾಕೆ ಅಲ್ಲೇ ಕೂರುತ್ತಾರೆ ಅಂತ ಕೇಳಲಿಲ್ಲ. ಅಂಬೇಡ್ಕರ್ ಅಂದರೆ ಸಂವಿಧಾನ ಶಿಲ್ಪಿ ಅಂತ ಒಂದು ಸಾಲು. ಅವರು ಸಾತಾರದ ಸ್ಕೂಲಿನಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂರುತ್ತಿದ್ದದ್ದು, ಜವಾನ ಬರದಿದ್ದರೆ ಅವತ್ತು ನೀರೇ ಇಲ್ಲದೆ ಇರಬೇಕಾಗಿದ್ದದ್ದು, ಇದನ್ನೆಲ್ಲ ನಾನು ಓದಿದ್ದು ಟ್ರೈನಿಂಗ್ ಮುಗಿಸಿ, ಸಂಘಟನೆಯ ಹುಡುಗರ ಜೊತೆ ಬೀದಿಗೆ ಬಿದ್ದ ಮೇಲೆ. ಮೇಷ್ಟ್ರಾಗುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷಣ ಮನೋವಿಜ್ಞಾನ ಬೇಕೇ?

1984ರಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಏಕೋಪಾಧ್ಯಾಯ ಶಾಲೆಗೆ ಕೆಲಸ ಆಯಿತು. ಒಂದೇ ಕೊಠಡಿ, ನಾಲ್ಕು ಕ್ಲಾಸು. ನಲವತ್ತು ನಿಮಿಷಕ್ಕೆ ಒಂದು ಪಾಠ ಅಂತ ಹೇಳಿಕೊಟ್ಟಿದ್ದರಲ್ಲ, ಒಬ್ಬನೇ ಮೇಷ್ಟ್ರು ನಾಲ್ಕು ಕ್ಲಾಸಿಗೆ ಒಟ್ಟಿಗೆ ಹೇಗೆ ಹೇಳಬೇಕು ಅನ್ನುವುದು ಟಿಪ್ಪಣಿ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಇರಲಿ, ಅದನ್ನು ಹೇಗೋ ಕಲಿತೆ. ಕಲಿಯದೆ ಹೋದದ್ದನ್ನು ಇಲ್ಲಿ ಹೇಳಬೇಕು. ಅದು ನನ್ನದೇ ತಪ್ಪು. ಬೇರೆಯವರ ಮೇಲೆ ಹಾಕಲು ಬರುವುದಿಲ್ಲ.

ಟ್ರೈನಿಂಗಿನಲ್ಲಿ ನನ್ನ ನಾಲಗೆಯನ್ನು ತಿದ್ದಿದ್ದರು. ನಾನು 'ಆಲು', 'ಅಸು' ಅಂದಾಗಲೆಲ್ಲ ಎಲ್ಲರೆದುರು ನಿಲ್ಲಿಸಿ ಹಾಲು, ಹಸು ಅನ್ನಿಸುತ್ತಿದ್ದರು. ಆ ಅವಮಾನಕ್ಕೆ ನಾನು ಹಟ ಹಿಡಿದು ಹಕಾರ ಕಲಿತೆ. ನೌಕರಿಗೆ ಬಂದ ಮೇಲೆ ನನ್ನ ಹಕಾರವೇ ನನ್ನ ಯೋಗ್ಯತಾಪತ್ರ ಅನ್ನುವ ಹಾಗೆ ನಡೆದುಕೊಂಡೆ. ಎರಡನೇ ಕ್ಲಾಸಿನಲ್ಲಿ ನಮ್ಮ ಕೇರಿಯದೇ ಒಂದು ಹುಡುಗ ಇತ್ತು. ಲೆಕ್ಕದಲ್ಲಿ ಬಲು ಚುರುಕು. ಓದಲು ನಿಲ್ಲಿಸಿದರೆ 'ಅಸು ಆಲು ಕೊಡ್ತದ' ಅನ್ನುತ್ತಿತ್ತು. ಒಂದು ದಿನ, ಎರಡು ದಿನ ತಿದ್ದಿದೆ. ಮೂರನೇ ದಿನ ಕೋಲು ತಗೊಂಡೆ. ಅಂಗೈ ಬಾತುಕೊಳ್ಳುವ ಹಾಗೆ ಹೊಡೆದೆ. ಹುಡುಗ ಅಳಲಿಲ್ಲ. ಮಾರನೇ ದಿನದಿಂದ ಬರಲಿಲ್ಲ.

ಎಂಟು ದಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕಿ ಆಮೇಲೆ ಮನೆಗೆ ಹೋದೆ. ಅವರವ್ವ ಒನಕೆ ಕೆಳಗಿಟ್ಟು ಬಂದಳು. ಬೈಯಲಿಲ್ಲ. 'ನೀವು ನಮ್ಮೋರು ಅಂತ ಕಳ್ಸಿದ್ದು ಕಣ್ರಪ್ಪ' ಅಂದಳು. 'ಹಿಂದ್ಲ ಮೇಷ್ಟ್ರು ಮುಟ್ತಾ ಇರ್ಲಿಲ್ಲ. ಕೋಲ ಎಸೀತಿದ್ರು. ನೀವು ಕೈ ಹಿಡ್ದು ಹೊಡುದ್ರಿ.' ಹುಡುಗ ಆಗಲೇ ಗೌಡರ ಮನೆಯ ದನ ಕಾಯಲು ಹೋಗಿದ್ದ. ನಾನು ಮತ್ತೆ ಮತ್ತೆ ಹೋದೆ. ಆ ಹುಡುಗ ಮತ್ತೆ ಸ್ಕೂಲಿಗೆ ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿತು. ಆ ಸುತ್ತೋಲೆಗೆ ಸಹಿ ಹಾಕುವಾಗ ನನಗೆ ಆ ಅಂಗೈ ಕಣ್ಣ ಮುಂದೆ ಬಂತು.

ಆಮೇಲೆ ಟ್ರೈನಿಂಗುಗಳಿಗೇನು ಬರ ಬರಲಿಲ್ಲ. 1986ರ ಶಿಕ್ಷಣ ನೀತಿಯಾದ ಮೇಲೆ ಡಯಟ್‌ಗಳು ಬಂದವು. ಐದು ದಿನದ್ದು, ಹತ್ತು ದಿನದ್ದು ಅಂತ ಕರೆದು ಕೂರಿಸಿದರು. ರಾಜ್ಯದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ, ತಾಲ್ಲೂಕಿನವರು ನಮಗೆ. ಮೇಲಿನಿಂದ ಉಯ್ದ ನೀರು ನಮ್ಮ ಬಿಂದಿಗೆಗೆ ಬರುವ ಹೊತ್ತಿಗೆ ಎಷ್ಟಿರುತ್ತದೆ ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಟೀ ಮಾತ್ರ ಚೆನ್ನಾಗಿರುತ್ತಿತ್ತು.

ನಿಜವಾಗಿ ನನ್ನನ್ನು ಅಲ್ಲಾಡಿಸಿದ್ದು 'ನಲಿ-ಕಲಿ'. ನಾನು ಎಚ್.ಡಿ. ಕೋಟೆ ತಾಲ್ಲೂಕಿಗೆ ವರ್ಗವಾದ ಮಾರನೇ ವರ್ಷ, 1995ರಲ್ಲಿ, ಅದು ಅಲ್ಲೇ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಚಿತ್ರ ಬಿಡಿಸಿದರು, ಹಾಡು ಕಟ್ಟಿದರು. ಯಾವನೋ ಬರೆದದ್ದನ್ನು ಒಪ್ಪಿಸುವುದಲ್ಲ, ನಮ್ಮ ಕೈಯಾರೆ ಮಾಡಿದ್ದು. ಮಗು ತನ್ನ ಏಣಿ ತಾನೇ ಹತ್ತಬೇಕು, ಒಂದು ವಾರ ದನ ಕಾಯಲು ಹೋದರೂ ಬಂದು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಇದು ಗೊತ್ತಿದ್ದರೆ ಆ ಹುಡುಗ ಉಳಿಯುತ್ತಿತ್ತೇನೋ ಅಂತ ಎಷ್ಟೋ ಸಲ ಅನ್ನಿಸಿದೆ. ಇನ್ನೊಂದು ಸಂಗತಿ. ಮಕ್ಕಳು ಸಾಲಾಗಿ ಕೂರುವುದನ್ನು ಬಿಟ್ಟು ಗುಂಪಾಗಿ, ದುಂಡಗೆ ನೆಲದ ಮೇಲೆ ಕೂರಬೇಕು. ದುಂಡಗೆ ಕೂತರೆ ಮುಂದೆ ಯಾರು, ಬಾಗಿಲ ಹತ್ತಿರ ಯಾರು? ಮೊದಲ ವಾರವೇ ಊರಿನ ಇಬ್ಬರು ಬಂದು 'ಮಕ್ಳ ಕಲ್ಸಿ ಕೂರುಸ್ಬ್ಯಾಡಿ ಮೇಷ್ಟ್ರೇ' ಅಂದರು. 'ಸರ್ಕಾರದ ಆರ್ಡರು' ಅಂದೆ. ಕಾರ್ಡಿನಲ್ಲಿ ಜಾತಿ ಬಗ್ಗೆ ಒಂದಕ್ಷರ ಇರಲಿಲ್ಲ, ನಿಜ. ಆದರೂ ಚಾಪೆ ತನ್ನ ಕೆಲಸ ಮಾಡಿತು. 2009-10ರಲ್ಲಿ ಅದನ್ನು ಇಡೀ ರಾಜ್ಯಕ್ಕೆ ಹಂಚಿದಾಗ ಕಾರ್ಡುಗಳು ಅಚ್ಚಾಗಿ ಬಂದವು. ಮೇಷ್ಟ್ರುಗಳ ಕೈಬರಹ ಹೋಯಿತು. ಎಷ್ಟೋ ಕಡೆ ಅದು ಮತ್ತೊಂದು 'ನಿರೀಕ್ಷಿತ ಉತ್ತರ'ವೇ ಆಯಿತು.

ಒಳ್ಳೇ ಮೇಷ್ಟ್ರು ತಯಾರಾಗುವುದು ಹೇಗೆ ಅಂತ ಕೇಳುವವರಿಗೆ ನಾನು ಪೂನಾದ ಕಥೆ ಹೇಳುತ್ತೇನೆ. 1848ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ದಾರಿಯಲ್ಲಿ ಸಗಣಿ, ಕೆಸರು ಎರಚಿಸಿಕೊಂಡು ಪಾಠಕ್ಕೆ ಹೋದವಳು ಆ ತಾಯಿ. ಅವಳ ಪಾಠ ಹೇಗಿತ್ತು ಅನ್ನುವುದಕ್ಕೆ ಯಾವ ಇನ್‌ಸ್ಪೆಕ್ಟರ ಷರಾವೂ ಬೇಡ. ಅವರ ಶಾಲೆಯಲ್ಲಿ ಓದಿದ ಮುಕ್ತಾ ಎಂಬ ಮಾಂಗ್ ಜಾತಿಯ ಹುಡುಗಿ ಮಾಂಗ್-ಮಹಾರರ ದುಃಖದ ಮೇಲೆ ಒಂದು ಪ್ರಬಂಧ ಬರೆದಳು. 1855ರಲ್ಲಿ ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅಂಥ ಉತ್ತರ ಯಾರ ಟಿಪ್ಪಣಿಯ ಕಾಲಮ್ಮಿನಲ್ಲಿ ಇದ್ದೀತು?

ಟಿ.ಸಿ.ಎಚ್. ಹೋಗಿ ಡಿ.ಎಡ್. ಆಯಿತು, ಡಿ.ಎಡ್. ಹೋಗಿ ಡಿ.ಎಲ್.ಎಡ್. ಆಯಿತು. ಟಿ.ಇ.ಟಿ. ಬಂತು. ನಮ್ಮ ಹೆಣ್ಣುಮಕ್ಕಳು ಹೊಲ ಅಡ ಇಟ್ಟು ಖಾಸಗಿ ಕಾಲೇಜುಗಳಲ್ಲಿ ಸರ್ಟಿಫಿಕೇಟು ಕೊಂಡರು, ಈಗ ಅತಿಥಿ ಶಿಕ್ಷಕರಾಗಿ ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುತ್ತಾರೆ. ದೇಶದ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಖಾಸಗಿಯವರ ಕೈಲಿವೆ ಅಂತ 2012ರಲ್ಲಿ ನ್ಯಾಯಮೂರ್ತಿ ವರ್ಮಾ ಆಯೋಗವೇ ಹೇಳಿತು. ಮೇಷ್ಟ್ರನ್ನು ಕೊಂಡು ತಯಾರಿಸಿದ ಮೇಲೆ ಅವರಿಂದ ಏನು ಕೇಳುತ್ತೀರಿ?

ನಾನು ನಿವೃತ್ತನಾದದ್ದು 2022ರಲ್ಲಿ. ಅದಕ್ಕೆ ಹಿಂದಿನ ಕೆಲವು ವರ್ಷ ನಮ್ಮ ಸ್ಕೂಲಿಗೂ ಪ್ರಾಕ್ಟೀಸಿಗೆ ಟ್ರೈನಿಗಳು ಬರುತ್ತಿದ್ದರು. ಮೊದಲ ದಿನ ಟಿಪ್ಪಣಿ ಬರೆಯಲು ಬಿಡುತ್ತಿರಲಿಲ್ಲ. ಕೇರಿಗೆ ಕರಕೊಂಡು ಹೋಗಿ, ಯಾವ ಮಗು ಯಾವ ಮನೆಯದು, ನೀರು ಎಲ್ಲಿಂದ ಬರುತ್ತದೆ, ಸಂಜೆ ದೀಪ ಎಲ್ಲಿ ಉರಿಯುತ್ತದೆ ನೋಡಿಕೊಂಡು ಬನ್ನಿ ಅನ್ನುತ್ತಿದ್ದೆ. ಒಂದು ಸಲ ಊರೊಳಗಿನ ದೊಡ್ಡ ಮನೆತನದ ಹುಡುಗಿಯೊಬ್ಬಳು ಬಂದಿದ್ದಳು. ಒಂದು ಮನೆಯಲ್ಲಿ ಅಜ್ಜಿ ಲೋಟದಲ್ಲಿ ನೀರು ಕೊಟ್ಟಳು. ಆ ಹುಡುಗಿ ಲೋಟ ಹಿಡಿದುಕೊಂಡು ಮಾತಾಡುತ್ತಲೇ ಇದ್ದಳು, ಮೊಮ್ಮಗಳ ಓದು, ಅಜ್ಜಿಯ ಕಣ್ಣು, ಪಿಂಚಣಿ ಅಂತ. ಲೋಟ ಬಾಯಿಗೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ನಾನು ಏನೂ ಅನ್ನದೆ ಜಗುಲಿಯ ಮೇಲೆ ಕೂತೆ. ಅಜ್ಜಿ ಕಡೆಗೆ ಅಂದಳು: 'ಬ್ಯಾಡ್ದಿದ್ರ ಮಡ್ಗು ಕೂಸು, ಚೆಲ್ಬ್ಯಾಡ. ನೀರು ಬಂದು ಮೂರ್ ದಿನ ಆಯ್ತು.'

ಹುಡುಗಿಯ ಮುಖ ಕೆಂಪಾಯಿತು. ಅರ್ಧ ಲೋಟ ಕುಡಿದಳು. ಮಿಕ್ಕದ್ದನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಸುತ್ತ ನೋಡಿದಳು. ಮೊಮ್ಮಗಳು ಓಡಿ ಬಂದು ಅವಳ ಕೈಯಿಂದ ಲೋಟ ಇಸಕೊಂಡು ಮಿಕ್ಕ ನೀರನ್ನು ತಾನೇ ಕುಡಿಯಿತು.