ಬೀಪ್ ಕೇಳುತ್ತಿದ್ದ ಕಿವಿ

1998ರಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ನಾನು ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಸೇರಿದೆ. ಅಂಗಡಿಯ ಯಜಮಾನರು ಮೊದಲ ದಿನವೇ ಹೇಳಿದ್ದು ಒಂದೇ ಮಾತು: "ಮುಚ್ಚಳ ಬಿಚ್ಚೋಕೆ ಮುಂಚೆ ಕೇಳು ಮಾರಾಯ." ಉದ್ದದ ಬೀಪ್ ಬಿಟ್ಟುಬಿಟ್ಟು ಬರುತ್ತಲೇ ಇದ್ದರೆ ರ‍್ಯಾಮ್ ಸಡಿಲವಾಗಿದೆ. ಒಂದು ಉದ್ದ, ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಾರ್ಡ್. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿದರೆ ಗಿರಾಕಿಯ ಮುಖ ನೋಡದೆ ಬ್ಯಾಕಪ್ ಇದೆಯಾ ಎಂದು ಕೇಳಬೇಕು. ಆರು ತಿಂಗಳಲ್ಲಿ ನಾನು ಫೋನಿನಲ್ಲೇ ಬೀಪ್ ಕೇಳಿ, ಯಾವ ಬಿಡಿಭಾಗ ಜೇಬಿಗೆ ಹಾಕಿಕೊಂಡು ಹೊರಡಬೇಕೆಂದು ತೀರ್ಮಾನಿಸುವಷ್ಟು ಪಳಗಿದ್ದೆ. ಅರ್ಧ ರಿಪೇರಿಗಳಿಗೆ ಬೇಕಾಗಿದ್ದು ಮಕ್ಕಳ ಪೆನ್ಸಿಲ್ ರಬ್ಬರು. ರ‍್ಯಾಮಿನ ಹೊಂಬಣ್ಣದ ಅಂಚನ್ನು ಅದರಿಂದ ತಿಕ್ಕಿ ಮತ್ತೆ ಕೂರಿಸಿದರೆ ಮೆಷೀನು ಎದ್ದು ಕೂರುತ್ತಿತ್ತು.

ಅಡಿಕೆ ಮಂಡಿ, ಆಡಿಟರ್ ಆಫೀಸು, ಸೊಸೈಟಿ, ರೈಸ್ ಮಿಲ್ಲು, ಊರ ಹೊರಗಿನ ಎರಕದ ಕಾರ್ಖಾನೆ – ಇವೇ ನಮ್ಮ ವರ್ಷಾವಧಿ ನಿರ್ವಹಣೆ ಒಪ್ಪಂದದ (ಎಎಂಸಿ) ಗಿರಾಕಿಗಳು. ಮಂಡಿಯ ಸಿಪಿಯು ಬಿಚ್ಚಿದರೆ ಒಳಗೆ ಬೆರಳುದ್ದದ ಧೂಳು. ಆಯುಧಪೂಜೆಯ ಮರುದಿನ ನಮಗೆ ಬಿಡುವೇ ಇರುತ್ತಿರಲಿಲ್ಲ. ಫ್ಲಾಪಿ ಡ್ರೈವಿನ ಬಾಯಿಗೆ ಭಕ್ತಿಯಿಂದ ಹಚ್ಚಿದ ಕುಂಕುಮ ತೆಗೆಯುವ ಕೆಲಸ. ಇಡೀ ಆಫೀಸಿಗೆ ಇಮೇಲ್ ವಿಳಾಸ ಒಂದೇ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮೋಡೆಮ್ ಕಿರುಗುಟ್ಟಿ ಸಂಪರ್ಕ ಹಿಡಿಯುತ್ತಿತ್ತು. ಮುಂಗಾರಿಗೆ ಮುಂಚಿನ ಗುಡುಗು ಶುರುವಾದರೆ ಗುಮಾಸ್ತರು ಓಡಿಹೋಗಿ ಟೆಲಿಫೋನ್ ವೈರು ಕೀಳಬೇಕು, ಇಲ್ಲದಿದ್ದರೆ ಸಿಡಿಲು ಲೈನಿನಲ್ಲೇ ಬಂದು ಮೋಡೆಮ್ಮನ್ನು ಸುಟ್ಟುಬಿಡುತ್ತಿತ್ತು. ಆಗ ನಮ್ಮ 'ಸೆಕ್ಯುರಿಟಿ' ಎಂದರೆ ಇಷ್ಟೇ.

ವೈರಸ್ಸಿನ ಭಯ ಹುಟ್ಟಿಸಿದ್ದು 1999ರ ಏಪ್ರಿಲ್ 26, ಸೋಮವಾರ. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದಿದ್ದ ಸಿಐಎಚ್, ಅಂದರೆ ಎಲ್ಲರೂ ಚೆರ್ನೋಬಿಲ್ ಎಂದು ಕರೆದ ವೈರಸ್ಸು, ಆ ತಾರೀಖಿಗಾಗಿ ಕಾದು ಕೂತಿತ್ತು. ಡಿಸ್ಕಿನ ಆರಂಭದ ಭಾಗ ಅಳಿಸಿಹಾಕಿ, ಕೆಲವು ಬೋರ್ಡುಗಳಲ್ಲಿ ಮೆಷೀನನ್ನು ಎಬ್ಬಿಸುವ ಬಯಾಸನ್ನೂ ಕೆಡಿಸುತ್ತಿತ್ತು. ಆ ಬೆಳಗ್ಗೆ ಸ್ವಿಚ್ ಹಾಕಿದರೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪು, ಬೀಪ್ ಇಲ್ಲ. ಬೀಪೂ ಇಲ್ಲದ ಮೆಷೀನನ್ನು ನಾನು ಹಾಗೆ ಸಾಲುಸಾಲಾಗಿ ನೋಡಿದ್ದು ಅದೇ ಮೊದಲು. ಮರುವರ್ಷದಿಂದ ಏಪ್ರಿಲ್ 25ರ ಸಂಜೆ ಊರೆಲ್ಲ ಸುತ್ತಿ ಗಡಿಯಾರವನ್ನು 27ಕ್ಕೆ ತಿರುಗಿಸಿ ಬರುತ್ತಿದ್ದೆವು, ರಾಹುಕಾಲ ತಪ್ಪಿಸಿದ ಹಾಗೆ. ಗಿರಾಕಿಗಳಿಗೆ ಈ ಚಿಕಿತ್ಸೆ ಬೇಗ ಅರ್ಥವಾಯಿತು.

ಮೆಷೀನು ನಿಧಾನವಾಯಿತೆಂದರೆ ಆಗಿನ ಮದ್ದು ಒಂದೇ, ಫಾರ್ಮ್ಯಾಟ್ ಹೊಡೆಯುವುದು. ಹೊಡೆದ ಮೇಲೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶ ಮತ್ತೆ ಹಾಕದಿದ್ದರೆ ಸೊಸೈಟಿಯ ನಡಾವಳಿಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. "ನಮ್ಮ ಕನ್ನಡ ಎಲ್ಲಿ ಹೋಯ್ತು ಸ್ವಾಮಿ?" ಎಂದು ಕಾರ್ಯದರ್ಶಿಗಳು ಫೋನ್ ಮಾಡುತ್ತಿದ್ದರು.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ಕಾಲದಲ್ಲಿ ನಾವು ಹಾಕಿಕೊಡುತ್ತಿದ್ದ ವಿಂಡೋಸ್ ಬಹುಪಾಲು ನಕಲು ಸಿ.ಡಿ.ಯದು. ಅಪ್‌ಡೇಟ್ ಬಂದರೆ ನಕಲಿನ ಗುಟ್ಟು ಬಯಲಾಗುತ್ತದೆಂದು ಅಪ್‌ಡೇಟನ್ನೇ ನಿಲ್ಲಿಸಿ ಬರುತ್ತಿದ್ದೆವು. 2003ರ ಆಗಸ್ಟಿನಲ್ಲಿ ನೆಟ್ ಮೂಲಕ ತಾನೇ ಹರಡುವ ಬ್ಲಾಸ್ಟರ್ ಬಂದಾಗ ಎಕ್ಸ್‌ಪಿ ಮೆಷೀನುಗಳು 60 ಸೆಕೆಂಡ್ ಎಣಿಸಿ ತಾವೇ ಆರಿ ಮತ್ತೆ ಶುರುವಾಗುತ್ತಿದ್ದವು. ಪ್ಯಾಚ್ ಇಳಿಸಿಕೊಳ್ಳಲು ಇಂಟರ್‌ನೆಟ್ ಜೋಡಿಸಿದರೆ, ಅದು ಇಳಿಯುವ ಮುಂಚೆಯೇ ಮತ್ತೆ ವೈರಸ್. ಸಿ.ಡಿ.ಯಲ್ಲಿ ಪ್ಯಾಚ್ ಹೊತ್ತು ತಿರುಗಿದೆವು. ಆದರೂ ಬುದ್ಧಿ ಬರಲಿಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತರೂ ಮಂಡಿಯಲ್ಲಿ ಅದೇ ಓಡುತ್ತಿತ್ತು. 2017ರ ಮೇ 12ರಂದು ವನ್ನಾಕ್ರೈ ಹರಡಿ, ಕಡತಗಳಿಗೆ ಬೀಗ ಜಡಿದು 300 ಡಾಲರ್ ಬಿಟ್‌ಕಾಯಿನ್ ಕೇಳತೊಡಗಿದಾಗ, ಬೆಂಬಲ ಇದ್ದ ವಿಂಡೋಸುಗಳಿಗೆ ಅದು ನುಗ್ಗಿದ ಕಿಂಡಿ ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು ಎಂದು ಓದಿ ನನಗೆ ನಾಚಿಕೆಯಾಯಿತು. ಅಲ್ಲಿಂದ ಅಸಲಿ ಲೈಸೆನ್ಸ್ ಇಲ್ಲದ ಕಡೆ ಎಎಂಸಿ ಒಪ್ಪಿಕೊಳ್ಳುವುದನ್ನು ಬಿಟ್ಟೆ. ಕೆಲವು ಗಿರಾಕಿಗಳು ಹೋದರು. 2024ರ ಜುಲೈ 19ರಂದು ಸೆಕ್ಯುರಿಟಿ ಕಂಪನಿ ಕ್ರೌಡ್‌ಸ್ಟ್ರೈಕಿನ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ಮೆಷೀನುಗಳು ಮಲಗಿದಾಗ, ಹಾಗೆ ಹೋದವರೊಬ್ಬರು ಫೋನ್ ಮಾಡಿ, "ನೋಡಿ, ಅಪ್‌ಡೇಟ್ ಹಾಕಿಕೊಂಡೋರ ಗತಿ" ಎಂದು ನಕ್ಕರು.

ಇಮೇಲಿನದು ಬೇರೆ ಕಥೆ. ನಮ್ಮ ಆಫೀಸುಗಳಲ್ಲಿ ಮೇಲ್ ಅಳಿಸುವ ಪದ್ಧತಿಯೇ ಇಲ್ಲ; ಕಿರ್ದಿ ಪುಸ್ತಕ ಹರಿದು ಎಸೆಯುತ್ತಾರೆಯೇ? ಹಳೆಯ ಔಟ್‌ಲುಕ್ಕಿನ ಕಡತ 2 ಜಿಬಿ ಮುಟ್ಟಿತೆಂದರೆ ಆಮೇಲೆ ತೆರೆಯುತ್ತಲೇ ಇರಲಿಲ್ಲ. ಅದನ್ನು ಜೋಡಿಸುತ್ತ ರಾತ್ರಿ ಕಳೆದು ಸಾಕಾಗಿ, ಎಲ್ಲರಿಗೂ ಗಿಣಿಪಾಠ ಹೇಳಿಸಿದ್ದೆ: ಮೇಲ್‌ಬಾಕ್ಸ್ ತುಂಬಿದೆ ಎಂದು ಬಂದರೆ ತಡ ಮಾಡಬೇಡಿ, ಏನು ಹೇಳುತ್ತದೋ ತಕ್ಷಣ ಮಾಡಿ.

2022ರಲ್ಲಿ ಆ ಪಾಠ ನನ್ನ ತಲೆಗೇ ಬಂತು. ಎರಕದ ಕಾರ್ಖಾನೆಯೊಂದರ ಲೆಕ್ಕ ನೋಡುವ ಅಕ್ಕನಿಗೆ 'ಮೇಲ್‌ಬಾಕ್ಸ್ ತುಂಬಿದೆ, ಪಾಸ್‌ವರ್ಡ್ ಹಾಕಿ ಜಾಗ ಹೆಚ್ಚಿಸಿಕೊಳ್ಳಿ' ಎಂಬ ಪತ್ರ ಬಂತು. ನಾನು ಕಲಿಸಿದಂತೆ ಅವರು ತಡ ಮಾಡಲಿಲ್ಲ. ಒಳಗೆ ಬಂದವನು ಏನನ್ನೂ ಕೆಡಿಸಲಿಲ್ಲ. ಎರಡು ತಿಂಗಳು ಸುಮ್ಮನೆ ಪತ್ರ ಓದಿದ. ಕಬ್ಬಿಣ ಕೊಡುವವರಿಂದ ಬರುವ ಮೇಲ್‌ಗಳು ಇನ್‌ಬಾಕ್ಸಿಗೆ ಬೀಳದೆ, ಯಾರೂ ತೆರೆಯದ ಇನ್ನೊಂದು ಫೋಲ್ಡರಿಗೆ ಸರಿಯುವಂತೆ ಒಂದು ನಿಯಮ ಬರೆದಿಟ್ಟ. ಆಮೇಲೆ ಕಬ್ಬಿಣದವರ ಹೆಸರಿನಲ್ಲೇ, ಅವರದೇ ಧಾಟಿಯಲ್ಲಿ, ಬ್ಯಾಂಕ್ ಖಾತೆ ಬದಲಾಗಿದೆ ಎಂದು ಅಕ್ಕನಿಗೆ ಬರೆದ. ಹಣ ಆ ಖಾತೆಗೆ ಹೋಯಿತು. ಗೊತ್ತಾಗಿದ್ದು ಮೂರು ವಾರದ ಮೇಲೆ, ಕಬ್ಬಿಣದವರು ಬಾಕಿ ಕೇಳಿದಾಗ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಆ ಸಂಖ್ಯೆ ಕೆಲಸಕ್ಕೆ ಬರುವುದು ಹಣ ಇನ್ನೂ ಖಾತೆಯಲ್ಲಿ ಇರುವಾಗ. ನಾನು ಹೋಗಿ ಮೆಷೀನಿನ ಮುಂದೆ ಕೂತೆ. ಆ್ಯಂಟಿವೈರಸ್ ಹಸಿರು, ಫ್ಯಾನಿನ ಸದ್ದು ಹದವಾಗಿತ್ತು. ಇಪ್ಪತ್ತನಾಲ್ಕು ವರ್ಷ ಪಳಗಿದ ಕಿವಿಗೆ ಕೇಳಲು ಅಲ್ಲಿ ಏನೂ ಇರಲಿಲ್ಲ. ಆ ನಿಯಮ ಹುಡುಕಿ ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ, ಒಟಿಪಿ ಇಲ್ಲದೆ ಮೇಲ್ ತೆರೆಯದಂತೆ ಮಾಡಿದೆ. ಅಕ್ಕ ಅಳುತ್ತಿದ್ದರು. "ನೀವೇ ಹೇಳಿದ್ದಲ್ವಾ?" ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಈಗ ಅಲ್ಲಿ ಖಾತೆ ಸಂಖ್ಯೆಯ ಸುದ್ದಿ ಮೇಲ್‌ನಲ್ಲಿ ಬಂದರೆ, ಮೇಲ್‌ನಲ್ಲಿರುವ ನಂಬರಿಗಲ್ಲದೆ ಹಳೆಯ ಡೈರಿಯಲ್ಲಿ ಬರೆದಿಟ್ಟ ನಂಬರಿಗೆ ಫೋನ್ ಮಾಡಬೇಕು. ಹೋದ ತಿಂಗಳು ಪ್ರಿಂಟರ್ ನೋಡಲು ಹೋದಾಗ ಅಕ್ಕ ಸ್ಪೀಕರ್ ಹಾಕಿ ಮಾತಾಡುತ್ತಿದ್ದರು. "ಅಣ್ಣ, ಅಕೌಂಟ್ ನಂಬರ್ ಅದೇ ತಾನೆ?"

"ಹೋದ ಸಲಾನೂ ಕೇಳಿದ್ರಲ್ಲ ಮೇಡಂ, ಅದೇನೇ," ಎಂದು ಆ ಕಡೆಯವರು ನಕ್ಕರು. ಅಕ್ಕ ನಗಲಿಲ್ಲ. "ಕೊನೇ ನಾಲ್ಕು ಅಂಕಿ ಹೇಳಿ," ಎಂದರು.