ನೆಲದಡಿಯ ಚಿತ್ರಶಾಲೆ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಚಿತ್ರಕಲೆ ನೋಡಲು ಮ್ಯೂಸಿಯಂಗೇ ಹೋಗಬೇಕಿಲ್ಲ. ಒಂದು ರೈಲು ಟಿಕೆಟ್ ಸಾಕು. ಅಲ್ಲಿನ ಮೆಟ್ರೋ ರೈಲಿನ 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚು ಕಡೆ ಕಲಾಕೃತಿಗಳಿವೆ.

ಎಲ್ಲ ಮಾರ್ಗಗಳೂ ಕೂಡುವ ಟಿ-ಸೆಂತ್ರಾಲೆನ್ ನಿಲ್ದಾಣದಲ್ಲಿ ನೀಲಿ ಮಾರ್ಗದ ಪ್ಲಾಟ್‌ಫಾರಂಗೆ ಇಳಿದರೆ ಗುಹೆ ಹೊಕ್ಕಂತೆ. ಕೊರೆದ ಬಂಡೆಯ ಉಬ್ಬುತಗ್ಗುಗಳನ್ನು ಹಾಗೆಯೇ ಉಳಿಸಿ, ಬಿಳಿಯ ಮೇಲೆ ನೀಲಿ ಬಳ್ಳಿಗಳನ್ನು ಹಬ್ಬಿಸಿದವರು ಪೇರ್ ಊಲೋಫ್ ಉಲ್ಟ್‌ವೆಟ್. ಅದು 1975ರ ಮಾತು. ಅವಸರದಲ್ಲಿ ಓಡಾಡುವವರ ಮನಸ್ಸಿಗೆ ತುಸು ನೆಮ್ಮದಿ ಸಿಗಲೆಂದೇ ಆ ನೀಲಿ. ಕತ್ತೆತ್ತಿದರೆ ಇನ್ನೊಂದು ವಿಶೇಷ: ಬೆಸುಗೆ ಹಾಕುವವರು, ಬಡಗಿಗಳು ಮೊದಲಾದವರ ನೆರಳಿನಂಥ ಆಕೃತಿಗಳು. ನಿಲ್ದಾಣ ಕಟ್ಟಿದ ಕೆಲಸಗಾರರೇ ಅವರು! ನಮ್ಮಲ್ಲಾದರೋ ಶಂಕುಸ್ಥಾಪನೆ ಮಾಡಿದವರ ಹೆಸರು ಕಲ್ಲಿನ ಮೇಲಿರುತ್ತದೆ, ಕಲ್ಲು ಹೊತ್ತವರದಲ್ಲ.

ಅದೇ ಮಾರ್ಗದ ಸೋಲ್ನಾ ಸೆಂಟ್ರುಮ್ ನಿಲ್ದಾಣದಲ್ಲಿ ಮಾತ್ರ ಈ ನೆಮ್ಮದಿಯಿಲ್ಲ. ಮೇಲೆ ಕೆಂಡದಂಥ ಕೆಂಪು ಆಕಾಶ, ಕೆಳಗೆ ಸುಮಾರು 1000 ಮೀಟರ್ ಉದ್ದದ ಹಸಿರು ಕಾಡು. ಕಾರ್ಲ್ ಊಲೋವ್ ಬ್ಯೋರ್ಕ್ ಮತ್ತು ಆಂಡೆರ್ಸ್ ಓಬೆರಿ ಇದನ್ನು ಬರೆದದ್ದು ಬರೀ ಸೊಬಗಿಗಲ್ಲ. ಕಾಡು ಹಾಳಾಗುವುದು, ಜನ ಪಟ್ಟಣ ಸೇರಿ ಹಳ್ಳಿ ಬರಿದಾಗುವುದು, ಹೀಗೆ 1970ರ ದಶಕದಲ್ಲಿ ಸ್ವೀಡನ್ನಿನವರನ್ನು ಕೊರೆಯುತ್ತಿದ್ದ ಚಿಂತೆಗಳೆಲ್ಲ ಗೋಡೆ ಏರಿವೆ. ಪಟ್ಟಣದ ಕೆಲಸಕ್ಕೆ ಹೊರಟವರು ದಿನವೂ ರೈಲು ಕಾಯುವುದು ಅದೇ ಗೋಡೆಯ ಎದುರು.