ಮೂರು ಕಂಪ್ಯೂಟರ್, ಒಂದು ಪಾಸ್‌ವರ್ಡ್, ನನ್ನ ತಪ್ಪು

ಭಾಗ 1/6

ಫೋಟೋದಲ್ಲಿ ಕಾಣ್ತಿರೋದು ಬಳ್ಳಾರಿಯಲ್ಲಿ ನಾನು ಕಾಲೇಜು ಮುಗಿಸಿ ಕೆಲಸಕ್ಕೆ ಹೋಗೋ ಟ್ಯಾಕ್ಸ್ ಆಫೀಸು. ಒಂದೇ ರೂಮು, ಮೂರು ಟೇಬಲ್ಲು, ಮೂರು ಕಂಪ್ಯೂಟರ್. ಮೂರೂ ಮೂರು ಥರ.

ನನ್ನ ಟೇಬಲ್ ಮೇಲಿರೋದು ವಿಂಡೋಸ್ 7. ಅದರಲ್ಲಿ ಟ್ಯಾಲಿ ಇದೆ, ಪಕ್ಕದಲ್ಲಿ ಕರ್ರ್ ಕರ್ರ್ ಅನ್ನೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಅದಕ್ಕೇ ಯಾರೂ ಅದನ್ನ ಬದಲಾಯಿಸೋಕೆ ಹೋಗಿಲ್ಲ. ಸರ್ ಹತ್ರ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್. ಅಕ್ಕನ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಸಪೋರ್ಟ್ ನಿಲ್ಲಿಸಿತು. ಆ ಮಷೀನಿಗೆ ವಿಂಡೋಸ್ 11 ಹಾಕೋಕಾಗಲ್ಲ, ಹೊಸದು ತರೋಕೆ ಸರ್‌ಗೆ ಮನಸ್ಸಿಲ್ಲ. ಹಂಗಾಗಿ ಉಬುಂಟು ಲಿನಕ್ಸ್ ಹಾಕಿದ್ವಿ. ಕಾಸು ಖರ್ಚಿಲ್ಲ, ಮಷೀನೂ ಚುರುಕಾಯ್ತು.

ಆದ್ರೆ ಫೈಲ್ ಓಡಾಡ್ತಿದ್ದಿದ್ದು ಪೆನ್‌ಡ್ರೈವ್‌ನಲ್ಲಿ. ಅಕ್ಕ ಖರೀದಿ ಪಟ್ಟಿ ಟೈಪ್ ಮಾಡಿ ಪೆನ್‌ಡ್ರೈವ್ ಕೊಡೋದು, ನಾನು ನೋಡ್ಕೊಂಡು ಟ್ಯಾಲಿಗೆ ಏರಿಸೋದು, ಸರ್ ಅದನ್ನೇ ಇನ್ನೊಂದು ಸಲ ಕೇಳೋದು. "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಒಂದೇ ಪಟ್ಟಿಗೆ ಮೂರು ಫೈಲ್. ಯಾವುದು ಸರಿ ಅಂತ ದೇವರಿಗೇ ಗೊತ್ತು.

"ನಾನು ಮೂರನ್ನೂ ಕನೆಕ್ಟ್ ಮಾಡ್ತೀನಿ ಸರ್" ಅಂದೆ. ಮಾಡಿದೆ ಕೂಡ. ಅದು ಹೆಂಗೆ, ಆಮೇಲೆ ನಾನು ಏನು ಹಾಳು ಮಾಡಿದೆ, ಎರಡನ್ನೂ ಹೇಳ್ತೀನಿ. ಎರಡನೇದನ್ನ ಬಿಡದೆ ಓದಿ.

ಭಾಗ 2/6

ಬೇರೆ ಬೇರೆ ಆಪರೇಟಿಂಗ್ ಸಿಸ್ಟಂ ಒಂದಕ್ಕೊಂದು ಮಾತಾಡಲ್ಲ ಅಂತ ನೀವೂ ಅಂದ್ಕೊಂಡಿರಬಹುದು. ಮಾತಾಡ್ತಾವೆ. ಮೂವರ ಮನೆಮಾತು ಬೇರೆ ಇರಲಿ, ಸಂತೆಯಲ್ಲಿ ವ್ಯಾಪಾರಕ್ಕೆ ಒಂದು ಭಾಷೆ ಇದ್ದರೆ ಸಾಕಲ್ವಾ? ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಲೆಸಿ ವ್ಯಾಪಾರ ನಡೆಯೋದನ್ನ ನಾವು ದಿನಾ ನೋಡ್ತೀವಿ. ಫೈಲ್ ಹಂಚ್ಕೊಳ್ಳೋಕೆ ಕಂಪ್ಯೂಟರ್‌ಗಳ ಸಂತೆ ಭಾಷೆ ಎಸ್‌ಎಂಬಿ. ವಿಂಡೋಸ್‌ಗೆ ಅದು ಮೊದಲೇ ಬರುತ್ತೆ. ಲಿನಕ್ಸ್‌ಗೆ ಕಲಿಸೋ ಸಾಫ್ಟ್‌ವೇರ್ ಹೆಸರು ಸಾಂಬಾ.

ಸಾಂಬಾ ಶುರು ಮಾಡಿದ್ದು ಆಂಡ್ರ್ಯೂ ಟ್ರಿಜೆಲ್, 1992ರ ಹೊತ್ತಿಗೆ. ಆಗ ಅವರು ಆಸ್ಟ್ರೇಲಿಯಾದಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಎರಡು ಕಂಪ್ಯೂಟರ್ ನಡುವೆ ಹೋಗಿ ಬರೋ ಸಂದೇಶಗಳನ್ನ ಗಮನಿಸ್ತಾ ಗಮನಿಸ್ತಾ ಆ ಭಾಷೆ ಹಿಡಿದ್ರು. ಇಂಗ್ಲಿಷ್ ನಿಘಂಟಿನಲ್ಲಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರೋ ಪದ ಹುಡುಕಿದಾಗ ಸಿಕ್ಕಿದ ಹೆಸರು ಇದು. ನಮ್ಮ ಶಿವನಿಗೂ ಇದಕ್ಕೂ ಸಂಬಂಧ ಇಲ್ಲ, ನಾನೂ ಮೊದಲು ಹಂಗೇ ಅಂದ್ಕೊಂಡಿದ್ದೆ.

ನಾನು ಮಾಡಿದ್ದಿಷ್ಟೇ. ಮೂರನ್ನೂ ಒಂದೇ ರೂಟರ್‌ಗೆ ಸೇರಿಸಿದೆ. ಉಬುಂಟುಗೆ ಸಾಂಬಾ ಹಾಕಿ, ಅದರಲ್ಲಿ "ಆಫೀಸ್" ಅಂತ ಒಂದು ಫೋಲ್ಡರ್ ಶೇರ್ ಮಾಡಿದೆ. ರೂಟರ್ ಸೆಟ್ಟಿಂಗ್‌ನಲ್ಲಿ ಆ ಕಂಪ್ಯೂಟರ್‌ಗೆ 192.168.1.10 ಅನ್ನೋ ವಿಳಾಸ ಕಾಯಂ ಮಾಡಿದೆ. ಇದನ್ನ ಮರೀಬೇಡಿ. ನಮ್ಮೂರಲ್ಲಿ ಕರೆಂಟ್ ಹೋಗಿ ಬಂದಾಗ ರೂಟರ್ ಕಂಪ್ಯೂಟರ್‌ಗಳಿಗೆ ಬೇರೆ ವಿಳಾಸ ಕೊಟ್ಟುಬಿಡಬಹುದು. ಹಾಸ್ಟೆಲ್‌ನಲ್ಲಿ ದಿನಾ ರೂಮ್ ನಂಬರ್ ಬದಲಾದ್ರೆ ಕಾಗದ ತಲುಪುತ್ತಾ?

ಭಾಗ 3/6

ಸರ್ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಅಕ್ಕನ ಕಂಪ್ಯೂಟರ್ ಕಾಣಲೇ ಇಲ್ಲ. ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಎಷ್ಟೋ ಜನ ಹೇಳೋ ಮದ್ದು ಒಂದೇ: "ಎಸ್‌ಎಂಬಿ 1 ಆನ್ ಮಾಡಿ."

ಮಾಡಬೇಡಿ. ಅದು ಆ ಭಾಷೆಯ ಹಳೇ ರೂಪ. 2017ರ ಮೇನಲ್ಲಿ ವಾನ್ನಕ್ರೈ ಅನ್ನೋ ರಾನ್ಸಂವೇರ್ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹಬ್ಬಿದ್ದು ಇದೇ ಬಾಗಿಲಿಂದ. ಫೈಲ್‌ಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳ್ತಿತ್ತು. ಮೈಕ್ರೋಸಾಫ್ಟ್ ಅದಕ್ಕೂ ಎರಡು ತಿಂಗಳು ಮೊದಲೇ ಸರಿಪಡಿಸೋ ಅಪ್‌ಡೇಟ್ ಕೊಟ್ಟಿತ್ತು, ಹಾಕ್ಕೊಳ್ಳದೆ ಇದ್ದವರು ಸಿಕ್ಕಿಬಿದ್ದರು. ಹೆಚ್ಚಿನವು ವಿಂಡೋಸ್ 7 ಮಷೀನುಗಳೇ. ಪಟ್ಟಿಯಲ್ಲಿ ಕಾಣದಿದ್ರೆ ಬೇಡ ಬಿಡಿ. ಫೈಲ್ ಎಕ್ಸ್‌ಪ್ಲೋರರ್ ಮೇಲಿನ ಪಟ್ಟಿಯಲ್ಲಿ \\192.168.1.10 ಅಂತ ನೇರ ಟೈಪ್ ಮಾಡಿ, ತೆರೆಯುತ್ತೆ. ವಿಂಡೋಸ್ 7ಗೂ ಎಸ್‌ಎಂಬಿ 2 ಬರುತ್ತೆ, ಹಳೇದು ಬೇಕಿಲ್ಲ. ಆದ್ರೆ ಅದಕ್ಕೆ 2020ರ ಜನವರಿಗೇ ಸಪೋರ್ಟ್ ನಿಂತಿದೆ. ಅದಕ್ಕೇ ಆ ಮಷೀನಿನಲ್ಲಿ ನಾವು ಇಂಟರ್ನೆಟ್ ಬಳಸಲ್ಲ.

ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡೇ ಇಲ್ಲದೆ ಎಲ್ಲರಿಗೂ ತೆರೆದಿಡೋಣ ಅಂತ ನೋಡಿದೆ. ಸರ್ ಅವರ ಹೊಸ ವಿಂಡೋಸ್ 11 ಪ್ರೊ ಒಪ್ಪಲಿಲ್ಲ. ಒಳ್ಳೇದೇ ಮಾಡ್ತು ಅಂತ ಈಗ ಅನ್ಸುತ್ತೆ, ಅವತ್ತು ಸಿಟ್ಟು ಬಂತು. ಸುಲಭ ಆಗಲಿ ಅಂತ ಮೂರು ಜನಕ್ಕೂ ಸೇರಿ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಮಾಡಿದೆ. ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದೆ. ಎಲ್ಲರೂ ಎಲ್ಲಾ ಫೈಲ್ ತೆರೀಬಹುದು, ಬದಲಾಯಿಸಬಹುದು, ಅಳಿಸಬಹುದು.

ಸರ್ ಬೆನ್ನು ತಟ್ಟಿದ್ರು. ನಾನು ಸ್ಟೋರಿ ಹಾಕಿದ್ದೆ, ನಿಮಗೆ ನೆನಪಿರಬಹುದು.

ಭಾಗ 4/6

ಜನವರಿ 16, ಸಂಕ್ರಾಂತಿ ಮಾರನೇ ದಿನ. ಡಿಸೆಂಬರ್ ತಿಂಗಳ ಜಿಎಸ್‌ಟಿಆರ್ 3ಬಿ ಕಟ್ಟೋಕೆ ಕೊನೇ ದಿನ 20. ನನ್ನ ವಿಂಡೋಸ್ 7ನಲ್ಲಿ "ಆಫೀಸ್" ಫೋಲ್ಡರ್ ತೆರೆದೆ. ವಿಚಿತ್ರ ಹೆಸರಿನ ಹನ್ನೊಂದು ಫೈಲ್ ಕಂಡ್ವು. ಅರ್ಥವಿಲ್ಲದ ಅಕ್ಷರ, ಅಂಕಿ, ಕೊನೇಲಿ ~ ಗುರುತು. ವಾನ್ನಕ್ರೈ ಕಥೆ ಓದಿದ್ದು ತಲೆಯಲ್ಲೇ ಇತ್ತು. ವೈರಸ್ ಬಂದಿದೆ ಅಂತ ಎದೆ ಧಸಕ್ ಅಂತು. ಹನ್ನೊಂದನ್ನೂ ಆರಿಸಿ ಡಿಲೀಟ್ ಒತ್ತಿದೆ. "ಶಾಶ್ವತವಾಗಿ ಅಳಿಸಲೇ?" ಅಂತ ಕೇಳ್ತು. ಹೌದು ಅಂದೆ. ಯಾರನ್ನೂ ಕೇಳಲಿಲ್ಲ.

ಸಂಜೆ ಅಕ್ಕ, "ನನ್ನ ಸಿರುಗುಪ್ಪದ ಫೈಲ್ ಎಲ್ಲಿ ಹೋತು? ಕುರುಗೋಡಿಂದೂ ಕಾಣವಲ್ದು" ಅಂದ್ರು. ಹುಡುಕಿದ್ವಿ, ಸಿಗಲಿಲ್ಲ. ಅಕ್ಕ ಹೊಸದಾಗಿ ಒಂದು ಫೈಲ್ ತೆರೆದು "ಸಿರುಗುಪ್ಪ: ಡಿಸೆಂಬರ್ ಭತ್ತ" ಅಂತ ಸೇವ್ ಮಾಡಿದ್ರು. ನನ್ನ ಸ್ಕ್ರೀನಲ್ಲಿ ಬಂದಿದ್ದು ~ ಇರೋ ಅದೇ ಥರದ ವಿಚಿತ್ರ ಹೆಸರು.

ಆಗ ಗೊತ್ತಾಯ್ತು. ಫೈಲ್ ಹೆಸರಲ್ಲಿ \ / : * ? " < > | ಈ ಒಂಬತ್ತು ಗುರುತನ್ನ ವಿಂಡೋಸ್ ಒಪ್ಪಲ್ಲ. ಲಿನಕ್ಸ್‌ಗೆ ಇವುಗಳಲ್ಲಿ / ಒಂದೇ ಆಗದು, ಉಳಿದದ್ದೆಲ್ಲ ನಡೆಯುತ್ತೆ. ಅಕ್ಕ ಪ್ರತಿ ಹೆಸರಲ್ಲೂ ಊರಿನ ಮುಂದೆ ಎರಡು ಚುಕ್ಕೆ ಹಾಕ್ತಿದ್ರು. ಅವರ ಕಂಪ್ಯೂಟರ್‌ನಲ್ಲಿ ಅದು ಸರಿ. ನನ್ನ ವಿಂಡೋಸ್‌ಗೆ ಆ ಹೆಸರು ತಲುಪಿಸೋಕಾಗದೆ ಸಾಂಬಾ ತಾನೇ ಒಂದು ಚಿಕ್ಕ ಹೆಸರು ಕಟ್ಟಿ ಕೊಡ್ತಿತ್ತು. ಅದನ್ನೇ ನಾನು ವೈರಸ್ ಅಂದೆ.

ರಿಸೈಕಲ್ ಬಿನ್ ನೋಡಿದೆ, ಖಾಲಿ. ಇದು ನಿಮಗೂ ಗೊತ್ತಿರಲಿ: ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಅಳಿಸಿದ ಫೈಲ್ ನಿಮ್ಮ ರಿಸೈಕಲ್ ಬಿನ್‌ಗೆ ಬರಲ್ಲ, ನೇರ ಹೋಗಿಬಿಡುತ್ತೆ.

ಭಾಗ 5/6

ಸರ್ ಬೈದಿದ್ದು ಅಕ್ಕನಿಗೆ. "ಲಿನಕ್ಸ್ ನಿಮ್ಗೆ ಬರಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತಲ್ಲಮ್ಮಾ" ಅಂದ್ರು. ಅಕ್ಕ ತಲೆ ತಗ್ಗಿಸಿ, "ನಾನೇ ಏನೋ ಒತ್ತಿರ್ಬೇಕು ಸರ್" ಅಂದ್ರು.

ನಾನು ಬಾಯಿ ಬಿಡಲಿಲ್ಲ.

ಯಾರು ಅಳಿಸಿದ್ದು ಅಂತ ಹುಡುಕೋಕೆ ದಾರಿನೇ ಇರಲಿಲ್ಲ. ಮೂರೂ ಜನ ಒಳಗೆ ಬರ್ತಿದ್ದಿದ್ದು ಒಂದೇ ಹೆಸರಲ್ಲಿ. ಆ ದಾರಿ ಮುಚ್ಚಿದ್ದೂ ನಾನೇ. ರಾತ್ರಿ ಊಟ ಸೇರಲಿಲ್ಲ. ಅಕ್ಕ ಆ ಆಫೀಸಿಗೆ ಸೇರಿದಾಗ ನಾನಿನ್ನೂ ಪ್ರೈಮರಿ ಸ್ಕೂಲಲ್ಲಿದ್ದೆ. ಟ್ಯಾಲಿಯಲ್ಲಿ ವೋಚರ್ ಹಾಕೋದನ್ನ ನನಗೆ ಕಲಿಸಿದ್ದೇ ಅವರು.

ಬೆಳಿಗ್ಗೆ ಸರ್ ಬರೋಕೆ ಮುಂಚೆ ಹೋಗಿ ಮೊದಲು ಅಕ್ಕನಿಗೆ ಹೇಳಿದೆ. ಅವರು ಸುಮ್ನೆ ನೋಡಿದ್ರು. "ನಿನ್ನೆ ಹೇಳ್ಬೇಕಿತ್ತು" ಅಂದ್ರು, ಅಷ್ಟೇ. ಸರ್‌ಗೆ ಹೇಳಿದಾಗ ಅವರು ಜಾಸ್ತಿ ಬೈಲಿಲ್ಲ. "ಪಟ್ಟಿ ಮತ್ತೆ ತರಬೇಕು, ನೀನೇ ಹೋಗು" ಅಂದ್ರು.

ಪೋರ್ಟಲ್‌ನಲ್ಲಿ ಸಿಗಲ್ವಾ ಅಂತ ಬಿಕಾಂನವರು ಕೇಳ್ತೀರಿ. ಜಿಎಸ್‌ಟಿಆರ್ 2ಬಿಯಲ್ಲಿ ಬರೋದು ನೋಂದಣಿ ಇರೋ ಮಾರಾಟಗಾರರ ಬಿಲ್ಲು. ರೈತರು ರಿಟರ್ನ್ ಹಾಕಲ್ಲ, ಅವರಿಂದ ಕೊಂಡಿದ್ದು ಅಲ್ಲಿ ಕಾಣಲ್ಲ. ಸಿರುಗುಪ್ಪದ ರೈಸ್ ಮಿಲ್ ಭತ್ತ ಕೊಂಡಿದ್ದು ರೈತರಿಂದ. ಕುರುಗೋಡಿನ ವ್ಯಾಪಾರಿ ಹತ್ತಿ ಕೊಂಡಿದ್ದೂ ರೈತರಿಂದಲೇ. ರೈತ ಮಾರಿದ ಹತ್ತಿಗೆ ತೆರಿಗೆ ಕಟ್ಟಬೇಕಾದ್ದು ಕೊಂಡ ವ್ಯಾಪಾರಿ. ಅದೇ ರಿವರ್ಸ್ ಚಾರ್ಜ್, 5%. ಒಟ್ಟು ಖರೀದಿ ಗೊತ್ತಿಲ್ಲದೆ ತೆರಿಗೆ ಹೆಂಗೆ ಲೆಕ್ಕ ಹಾಕೋದು? ತಡವಾದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆಗೆ ವರ್ಷಕ್ಕೆ 18% ಬಡ್ಡಿ. ನನ್ನ ಒಂದು ಕ್ಲಿಕ್ಕಿಗೆ ಅವರು ಯಾಕೆ ದಂಡ ಕಟ್ಟಬೇಕು?

ಶನಿವಾರ ಕೆಂಪು ಬಸ್ಸು ಹತ್ತಿದೆ. ಆಧಾರ್ ತೋರಿಸಿ ಶಕ್ತಿ ಟಿಕೆಟ್ ತಗೊಂಡು, ತೆಕ್ಕಲಕೋಟೆ ದಾಟಿ ಸಿರುಗುಪ್ಪ. ಮಿಲ್ಲಿನ ಗುಮಾಸ್ತರು ದಪ್ಪ ಪುಸ್ತಕ ಮುಂದಿಟ್ಟು, "ಹೋದ ವಾರನೇ ಎಲ್ಲಾ ಬರಸಿ ಕೊಟ್ಟಿದ್ದೆನಲ್ಲವ್ವಾ?" ಅಂದ್ರು. "ನನ್ನ ಕೈಯಿಂದ ಅಳಿಸಿ ಹೋತ್ರಿ" ಅಂದೆ. ಅವರು ನಕ್ಕು, "ಈ ಪುಸ್ತಕ ಅಳಸಾಕ ಬರಂಗಿಲ್ಲ, ಬರಕೋ" ಅಂದ್ರು. ತೂಕದ ಚೀಟಿ ಒಂದೊಂದೇ ತಾಳೆ ನೋಡಿ ಬರ್ಕೊಳ್ಳೋಷ್ಟರಲ್ಲಿ ಕತ್ತಲಾಯ್ತು.

ಭಾನುವಾರ ಕುರುಗೋಡು. ಅದು ಅಕ್ಕನ ತವರು, ಅವರೂ ಬಂದ್ರು. ಬರ್ತೀನಿ ಅಂತ ಮೊದಲು ಹೇಳಿರಲಿಲ್ಲ, ಬಸ್ ಸ್ಟ್ಯಾಂಡಲ್ಲಿ ನಿಂತಿದ್ರು ಅಷ್ಟೇ. ಹತ್ತಿ ವ್ಯಾಪಾರಿ ಅಂಗಡಿಯಲ್ಲಿ ಅವರು ಓದಿದ್ರು, ನಾನು ಬರೆದೆ. ಮುಗಿಸಿ ದೊಡ್ಡಬಸವೇಶ್ವರ ಗುಡಿಗೆ ಕರ್ಕೊಂಡು ಹೋದ್ರು. ಆ ದೊಡ್ಡ ಬಸವಣ್ಣನ ಮುಂದೆ ಕೂತಾಗ "ಸಾರಿ ಅಕ್ಕ" ಅಂದೆ. "ಆತು ಬಿಡು, ಬಸ್ ತಪ್ಪುತ್ತೆ ಏಳು" ಅಂದ್ರು.

ಸೋಮವಾರ ಇಬ್ಬರೂ ಕೂತು ಟ್ಯಾಲಿಗೆ ಏರಿಸಿದ್ವಿ. 20ಕ್ಕೆ ಎರಡೂ ರಿಟರ್ನ್ ಹೋದ್ವು.

ಭಾಗ 6/6

ಆಮೇಲೆ ಬದಲಾಯಿಸಿದ್ದು ಇಷ್ಟು. ನಿಮ್ಮ ಅಪ್ಪನ ಅಂಗಡಿ, ಮಾವನ ಜೀನ್ಸ್ ಯೂನಿಟ್, ಎಲ್ಲೇ ಕಂಪ್ಯೂಟರ್ ಜೋಡಿಸಿದ್ರೂ ಸೇವ್ ಮಾಡಿಟ್ಕೊಳ್ಳಿ.

1. ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್. ಮಾನಿಟರ್ ಮೇಲಿನ ಚೀಟಿ ಹರಿದು ಹಾಕಿದೆ.

2. ಅಕ್ಕನ ಫೋಲ್ಡರ್ ನಾನು ಓದಬಹುದು, ಅಳಿಸೋಕಾಗಲ್ಲ. ನನ್ನದು ಅವರಿಗೂ ಹಂಗೇ.

3. ಸಾಂಬಾದಲ್ಲಿ ರಿಸೈಕಲ್ ಅನ್ನೋ ಸೌಲಭ್ಯ ಇದೆ, ತಾನಾಗೇ ಆನ್ ಇರಲ್ಲ. ಅದನ್ನ ಆನ್ ಮಾಡಿದೆ. ಈಗ ನೆಟ್‌ವರ್ಕ್‌ನಿಂದ ಅಳಿಸಿದ ಫೈಲ್ ಬೇರೆ ಫೋಲ್ಡರ್‌ಗೆ ಹೋಗಿ ಕೂರುತ್ತೆ.

4. ಫೈಲ್ ಹೆಸರಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ಬೇಡ. ಎರಡು ಚುಕ್ಕೆ ಅಂತೂ ಬೇಡವೇ ಬೇಡ.

5. ದಿನಾ ಸಂಜೆ ಒಂದು ಕಾಪಿ ಹೊರಗಿನ ಹಾರ್ಡ್ ಡಿಸ್ಕ್‌ಗೆ. ಕಾಪಿ ಆದ ಮೇಲೆ ವೈರ್ ಕಿತ್ತು ಬೀರುವಿನಲ್ಲಿ.

ಆಡಿಟಿಂಗ್ ಪೇಪರ್‌ಗೆ ಇಂಟರ್ನಲ್ ಚೆಕ್ ಅಂತ ಓದಿದ್ದೀವಲ್ಲ: ಕೆಲಸ ಹಂಚಬೇಕು, ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳಬೇಕು, ಯಾರು ಏನು ಮಾಡಿದ್ರು ಅಂತ ಗೊತ್ತಾಗಬೇಕು. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದು ಕಳ್ಳರನ್ನ ಹಿಡಿಯೋಕೆ ಅಂತಲೇ ಅಂದ್ಕೊಂಡಿದ್ದೆ. ತಪ್ಪು ಮಾಡದವರು ತಲೆ ತಗ್ಗಿಸೋ ಹಂಗೆ ಆಗಬಾರದು, ಅದಕ್ಕೂ ಹೌದು.

ಮೂರು ಥರದ ಕಂಪ್ಯೂಟರ್ ಜೋಡಿಸೋಕೆ ನನಗೆ ಒಂದು ಮಧ್ಯಾಹ್ನ ಸಾಕಾಯ್ತು. ಯಾರಿಗೆ ಏನು ಮಾಡೋ ಅಧಿಕಾರ ಅಂತ ಕೂತು ಯೋಚಿಸೋಕೆ ಅರ್ಧ ಗಂಟೆ ಬೇಕಿತ್ತು, ಅದನ್ನ ಉಳಿಸೋಕೆ ಹೋದೆ.

ಈ ಪೋಸ್ಟ್ ಹಾಕಲಾ ಅಂತ ಅಕ್ಕನನ್ನ ಕೇಳಿದೆ. "ಹಾಕು, ಆದ್ರೆ ನನ್ನ ಫೋಟೋ ಬ್ಯಾಡ" ಅಂದ್ರು. ಅದಕ್ಕೇ ಫೋಟೋದಲ್ಲಿ ಖಾಲಿ ಕುರ್ಚಿ.

ನಿಮ್ಮ ಆಫೀಸಲ್ಲೂ ಎಲ್ಲರಿಗೂ ಒಂದೇ ಪಾಸ್‌ವರ್ಡಾ? ನಿಜ ಹೇಳಿ.

#ಬಳ್ಳಾರಿ #ಸಿರುಗುಪ್ಪ #ಕುರುಗೋಡು #ಬಿಕಾಂ_ದಿನಗಳು #ಕನ್ನಡದಲ್ಲಿ_ಟೆಕ್